ತನ್ನನ್ನು ತಾನೇ ಹಳಿದುಕೊಳ್ಳುವುದು ಪಶ್ಚಾತ್ತಾಪ ಅಲ್ಲ

ನಮಸ್ಕಾರ. ಯಾರಾದರೂ ತಲೆ ತಗ್ಗಿಸಿ ಕೂತರೆ ಸಾಕು, 'ಪಶ್ಚಾತ್ತಾಪ ಪಡ್ತಿದಾರೆ' ಅಂದುಬಿಡ್ತೀವಿ. ಎಷ್ಟೋ ಸಲ ಅದು ಆತ್ಮನಿಂದನೆ ಆಗಿರುತ್ತೆ. ಇವೆರಡನ್ನೂ ಕಲಸಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ವಿಭಕ್ತಿ ಗಮನಿಸಿ. 'ಹಾಗೆ ಅಂದದ್ದಕ್ಕೆ ಪಶ್ಚಾತ್ತಾಪಪಟ್ಟ.' ಇಲ್ಲಿ 'ಕ್ಕೆ' ಬಂತು, ಮಾತು ಇರೋದು ಮಾಡಿದ ಕೆಲಸದ ಬಗ್ಗೆ. 'ತನ್ನನ್ನು ತಾನೇ ಹಳಿದುಕೊಂಡ.' ಇಲ್ಲಿ 'ಅನ್ನು', ಏಟು ಬೀಳೋದು ಮನುಷ್ಯನಿಗೇ. ಕೆಲಸವನ್ನಾದರೆ ತಿದ್ದಬಹುದು. ಇಡೀ ಮನುಷ್ಯನೇ ತಪ್ಪು ಅಂದಮೇಲೆ ಎಲ್ಲಿಂದ ತಿದ್ದೋದು?

ಹಾಗಂತ 'ಕೊಳ್ಳು' ಬಂದ ಕಡೆಯೆಲ್ಲ ಆತ್ಮನಿಂದನೆ ಅಂದ್ಕೋಬೇಡಿ. 'ಮನಸ್ಸಲ್ಲೇ ಬೈದುಕೊಂಡ' ಅಂದರೆ ಬೈಗುಳ ಬಾಸ್‌ಗೂ ಇರಬಹುದು, ಬಸ್ ಡ್ರೈವರ್‌ಗೂ ಇರಬಹುದು. ಅದಕ್ಕೇ ಬರೆಯುವಾಗ 'ತನ್ನನ್ನು ತಾನೇ' ಬಿಡಬಾರದು; ಆಳು ಬದಲಾದರೆ 'ನನ್ನನ್ನು ನಾನೇ', 'ನಿನ್ನನ್ನು ನೀನೇ', 'ತಮ್ಮನ್ನು ತಾವೇ'. ಪಶ್ಚಾತ್ತಾಪಕ್ಕೆ ತ-ಒತ್ತು ಬೇಕು, 'ಪಶ್ಚಾತಾಪ' ತಪ್ಪು.

ಆಡುಮಾತು ಇನ್ನೂ ಸೂಕ್ಷ್ಮ. 'ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ' ಅನ್ನುವವರು ಒಂದು ಕೆಲಸ ಕೆಟ್ಟದ್ದನ್ನು ಹೇಳ್ತಿದಾರೆ. 'ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು' ಅಂದಾಗ ಸಿಟ್ಟು ತಮ್ಮ ಮೇಲೇ ತಿರುಗಿದೆ. 'ಎಲ್ಲಾ ನನ್ನ ಹಣೆಬರಹ' ಅನ್ನೋದು ತಪ್ಪು ಹೊತ್ತುಕೊಂಡ ಹಾಗೆ ಕೇಳಿಸುತ್ತೆ ನಿಜ, ಆದರೆ ಹೊರೆಯನ್ನು ವಿಧಿಯ ತಲೆಗೆ ಕಟ್ಟಿರುತ್ತೆ.

ವಚನಗಳಲ್ಲಿ ಆತ್ಮನಿಂದನೆ ಇಲ್ಲವೇ ಅಂತ ಕೇಳ್ತೀರಿ. ಧಾರಾಳವಾಗಿದೆ. 12ನೇ ಶತಮಾನದಲ್ಲಿ ಬಸವಣ್ಣನವರು 'ಎನಗಿಂತ ಕಿರಿಯರಿಲ್ಲ' ಅಂದರು. ಆದರೆ ಅದರ ಬೆನ್ನಿಗೇ 'ಶಿವಭಕ್ತರಿಗಿಂತ ಹಿರಿಯರಿಲ್ಲ' ಅಂದರು. ಕೇಳಿಸಿಕೊಳ್ಳೋಕೆ ಕೂಡಲಸಂಗಮದೇವ ಇದ್ದ, ಸುತ್ತ ಶರಣರಿದ್ದರು. ಅಲ್ಲಿ ತನ್ನನ್ನು ಕಿರಿದು ಮಾಡಿಕೊಳ್ಳೋದು ಅಹಂಕಾರ ಇಳಿಸೋ ದಾರಿ.

ಪಿಯುಸಿ ರಿಸಲ್ಟ್ ದಿನ ಬಾಗಿಲು ಹಾಕ್ಕೊಂಡ ಮಗುವಿಗೆ ಆ ಆಸರೆ ಇರಲ್ಲ. 'ನಾನು ಯಾವುದಕ್ಕೂ ಬಾರದವಳು' ಅಂತ ಅದು ಅಂದರೆ ದಯವಿಟ್ಟು 'ಪಶ್ಚಾತ್ತಾಪ ಪಡಲಿ ಬಿಡಿ, ಬುದ್ಧಿ ಬರುತ್ತೆ' ಅನ್ನಬೇಡಿ. 'ಇಲ್ಲ, ನೀನು ಜಾಣೆ' ಅಂತ ವಾದಕ್ಕೂ ಇಳಿಯಬೇಡಿ, ಆ ಹೊತ್ತಲ್ಲಿ ಅವಳು ನಂಬಲ್ಲ. ಪಕ್ಕದಲ್ಲಿ ಕೂತುಕೊಳ್ಳಿ. ಅಳು ನಿಂತಮೇಲೆ ಕೇಳಿ: 'ಯಾವ ಪಾಠ ಕೈಕೊಡ್ತು?' ಅವಳು ಒಂದು ಪಾಠದ ಹೆಸರು ಹೇಳಿದಳು ಅಂದ್ರೆ, ಮಾತು ಅವಳನ್ನು ಬಿಟ್ಟು ಪಾಠದ ಕಡೆ ತಿರುಗಿತು.