ಶಾನ್ ಬಾಯ್ಲನ್: ಒಂದೇ ಕೌಂಟಿಯಲ್ಲಿ ಎರಡು ತಂಡ ಕಟ್ಟಿದವರು

ಗೆಳೆಯರೇ,

ತರಬೇತುದಾರರ ಹಿರಿಮೆಯನ್ನು ಕಪ್‌ಗಳ ಲೆಕ್ಕದಲ್ಲಿ ಅಳೆಯುವುದು ನಮಗೆಲ್ಲ ರೂಢಿ. ಐರ್ಲೆಂಡಿನ ಶಾನ್ ಬಾಯ್ಲನ್ ಅವರ ಲೆಕ್ಕವೂ ಸಣ್ಣದಲ್ಲ. ಅವರ ಕೈಕೆಳಗೆ ಮೀಥ್ ಕೌಂಟಿಯ ಗೇಲಿಕ್ ಫುಟ್‌ಬಾಲ್ ತಂಡ 1987, 1988, 1996 ಮತ್ತು 1999ರಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು 1988 ಮತ್ತು 1996ರ ನಡುವಿನ ಖಾಲಿ ವರ್ಷಗಳು. ಒಂದು ಒಳ್ಳೆಯ ತಂಡ ಕಟ್ಟಿದವರು ಹಲವರಿದ್ದಾರೆ. ಅದಕ್ಕೆ ವಯಸ್ಸಾಗುವುದನ್ನು ಕಣ್ಣಾರೆ ಕಂಡು, ಅದೇ ಊರುಗಳ ಹುಡುಗರಿಂದ ಇನ್ನೊಂದನ್ನು ಕಟ್ಟಿದವರು ತೀರಾ ಕಡಿಮೆ.

ಆಟದ ಬಗ್ಗೆ ಎರಡು ಮಾತು. ಒಂದೊಂದು ಕಡೆಗೆ ಹದಿನೈದು ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಿನಿಂದಲೂ ಒದೆಯಬಹುದು. ಬಲೆಗೆ ಹೊಡೆದರೆ ಗೋಲು, ಅಂದರೆ ಮೂರು ಅಂಕ. ಅಡ್ಡಪಟ್ಟಿಯ ಮೇಲಿಂದ ಹಾರಿಸಿದರೆ ಬಾಯ್ಲನ್ ಅವರ ಕಾಲದಲ್ಲಿ ಒಂದು ಅಂಕ ಸಿಗುತ್ತಿತ್ತು. ಇದಕ್ಕಿಂತ ಮುಖ್ಯವಾದದ್ದು, ಆಟಗಾರರಿಗೆ ಇಲ್ಲಿ ಸಂಬಳವಿಲ್ಲ. ಬಾಯ್ಲನ್ ಅವರ ತಂಡದಲ್ಲಿ ಜೆರ್ರಿ ಮೆಕೆಂಟಿ ಶಸ್ತ್ರವೈದ್ಯರು, ಕಾಲ್ಮ್ ಒರೂರ್ಕ್ ಶಾಲಾ ಶಿಕ್ಷಕರು. ಹಣ ಕೊಟ್ಟು ಬೇರೆ ಕೌಂಟಿಯ ತಾರೆಯನ್ನು ತರುವಂತಿಲ್ಲ. ತನ್ನ ನೆಲದಲ್ಲಿ ಹುಟ್ಟಿ ಬೆಳೆದವರಲ್ಲೇ ಮ್ಯಾನೇಜರ್ ತಂಡವನ್ನು ಕಂಡುಕೊಳ್ಳಬೇಕು.

1982ರಲ್ಲಿ ಮೀಥ್ ಬಾಯ್ಲನ್ ಅವರನ್ನು ಆರಿಸಿದಾಗ ಅದನ್ನು ದೊಡ್ಡ ನೇಮಕವೆಂದು ಯಾರೂ ಭಾವಿಸಲಿಲ್ಲ. ಅವರು ಆಡಿ ಹೆಸರು ಮಾಡಿದ್ದು ಕೋಲಿನಿಂದ ಚೆಂಡು ಹೊಡೆಯುವ ಐರಿಶ್ ಆಟವಾದ ಹರ್ಲಿಂಗ್‌ನಲ್ಲಿ, ಫುಟ್‌ಬಾಲ್‌ನಲ್ಲಲ್ಲ. ವೃತ್ತಿಯಿಂದ ಡನ್‌ಬಾಯ್ನ್ ಊರಿನ ಗಿಡಮೂಲಿಕೆ ವೈದ್ಯರು. ನಮ್ಮ ಹಳ್ಳಿಗಳ ನಾಟಿವೈದ್ಯರ ಮನೆತನಗಳಲ್ಲಿ ನಡೆದುಬಂದಂತೆ, ಆ ವಿದ್ಯೆ ಅವರಿಗೂ ಮನೆಯಿಂದಲೇ ಬಂದದ್ದು. ಮೀಥ್ 1967ರ ನಂತರ ಅಖಿಲ ಐರ್ಲೆಂಡ್ ಗೆದ್ದಿರಲಿಲ್ಲ. 1970ರ ನಂತರ ಲೆನ್‌ಸ್ಟರ್ ಪ್ರಾಂತ್ಯದ ಪ್ರಶಸ್ತಿಯೂ ಕೈಗೆ ಬಂದಿರಲಿಲ್ಲ. ಲೆನ್‌ಸ್ಟರ್ ದಕ್ಕಿದ್ದು 1986ರಲ್ಲಿ. ಮರುವರ್ಷ ಕಾರ್ಕ್ ಕೌಂಟಿಯ ವಿರುದ್ಧ ಅಖಿಲ ಐರ್ಲೆಂಡ್ ಫೈನಲ್ ಗೆದ್ದರು. 1988ರಲ್ಲಿ ಅದೇ ಕಾರ್ಕ್ ಜೊತೆ ಡ್ರಾ ಆಗಿ, ಮರುಪಂದ್ಯದಲ್ಲಿ ಮೆಕೆಂಟಿ ಹೊರಹಾಕಲ್ಪಟ್ಟ ಮೇಲೆ ಹದಿನಾಲ್ಕೇ ಜನ ಉಳಿದರೂ ಒಂದು ಅಂಕದಿಂದ ಗೆದ್ದರು. ಮೀಥ್ ಒರಟು ತಂಡ ಎಂಬ ಮಾತು ಆಗ ಹಬ್ಬಿತು. ಅದು ಸುಳ್ಳಲ್ಲ, ಅವರನ್ನು ಮೆಚ್ಚುವ ನಾನೂ ಆ ಒರಟುತನವನ್ನು ಸಮರ್ಥಿಸಲಾರೆ.

ಈಗ 1991ಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಲೆನ್‌ಸ್ಟರ್‌ನ ಮೊದಲ ಸುತ್ತಿನಲ್ಲೇ ಮೀಥ್ ಮತ್ತು ಡಬ್ಲಿನ್ ಎದುರಾದವು. ಪಂದ್ಯ ಸಮ. ಮರುಪಂದ್ಯ ಹೆಚ್ಚುವರಿ ಸಮಯದ ನಂತರವೂ ಸಮ. ಮೂರನೆಯದೂ ಹಾಗೆಯೇ. ಸೋತವರಿಗೆ ಆ ವರ್ಷ ಅಲ್ಲಿಗೆ ಮುಗಿಯುವ ಕಾಲವದು. ನಾಲ್ಕನೆಯ ಪಂದ್ಯಕ್ಕೆ ಮೊದಲು ಬಾಯ್ಲನ್ ಮಾಡಿದ್ದೇನು? ಆಟಗಾರರನ್ನು ಇನ್ನಷ್ಟು ದಣಿಸಲಿಲ್ಲ. ಸ್ಕಾಟ್ಲೆಂಡಿಗೆ ವಿಶ್ರಾಂತಿಗೆ ಕರೆದೊಯ್ದರು. ದಣಿದ ದೇಹಕ್ಕೆ ಮೊದಲು ಬೇಕಾದದ್ದು ಆರೈಕೆ ಎಂದು ಬಲ್ಲ ವೈದ್ಯನ ನಿರ್ಧಾರವಿದು ಎಂದೇ ನಾನು ತಿಳಿಯುತ್ತೇನೆ. ಗಾಯಗಳು ಕಾಡಿದಾಗ ಆಟಗಾರರನ್ನು ಈಜುಕೊಳದ ನೀರಿನಲ್ಲಿ ಓಡಿಸಿದವರೂ ಇವರೇ.

ಜುಲೈ 6ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ನಾಲ್ಕನೆಯ ಪಂದ್ಯದ ಆಟ ಮುಗಿಯುತ್ತ ಬಂದಾಗ ಡಬ್ಲಿನ್ ಮೂರು ಅಂಕ ಮುಂದಿತ್ತು. ಮಾರ್ಟಿನ್ ಒಕಾನೆಲ್ ತಮ್ಮದೇ ಗೋಲುಗೆರೆಯ ಬಳಿ ಉಳಿಸಿಕೊಂಡ ಚೆಂಡು ಕೈಯಿಂದ ಕೈಗೆ ಮೈದಾನದ ಉದ್ದಕ್ಕೂ ಸಾಗಿತು. ಅದನ್ನು ಬಲೆಗೆ ಸೇರಿಸಿದವರು ಕೆವಿನ್ ಫೋಲಿ, ಗೋಲು ಹೊಡೆಯುವರೆಂದು ಯಾರೂ ನಿರೀಕ್ಷಿಸದ ಒಬ್ಬ ರಕ್ಷಣಾ ಆಟಗಾರ. ಬೆನ್ನಿಗೇ ಡೇವಿಡ್ ಬೆಗ್ಗಿ ಒಂದು ಅಂಕ ಸೇರಿಸಿದರು. ಮೀಥ್ ಗೆದ್ದಿತು. ಆ ನಾಲ್ಕು ಪಂದ್ಯಗಳನ್ನು ಎರಡು ಲಕ್ಷಕ್ಕೂ ಹೆಚ್ಚು ಜನ ಮೈದಾನದಲ್ಲೇ ನೋಡಿದರು. ಆದರೆ ಸೆಪ್ಟೆಂಬರ್‌ನ ಫೈನಲ್‌ನಲ್ಲಿ ಡೌನ್ ಕೌಂಟಿ ಮೀಥ್ ತಂಡವನ್ನು ಎರಡು ಅಂಕಗಳಿಂದ ಸೋಲಿಸಿತು. ಅಷ್ಟು ಬೆವರು ಸುರಿಸಿದ ತಂಡಕ್ಕೆ ಕಪ್ ಸಿಗಲಿಲ್ಲವಲ್ಲ ಎಂದು ನನಗೆ ಇಂದಿಗೂ ನೋವಾಗುತ್ತದೆ.

ಆಮೇಲೆ ಹಳಬರು ಒಬ್ಬೊಬ್ಬರಾಗಿ ನಿವೃತ್ತರಾದರು. 1995ರ ಲೆನ್‌ಸ್ಟರ್ ಫೈನಲ್‌ನಲ್ಲಿ ಡಬ್ಲಿನ್ ಕೈಯಲ್ಲಿ ಹತ್ತು ಅಂಕಗಳ ಸೋಲು. ಹೊಸ ಮ್ಯಾನೇಜರ್ ಬೇಕು ಎಂದು ಯಾರಿಗಾದರೂ ಅನ್ನಿಸುವ ಹೊತ್ತು. ಬಾಯ್ಲನ್ ಉಳಿದರು, ಟ್ರೆವರ್ ಗೈಲ್ಸ್, ಗ್ರಹಾಂ ಗೆರಾಟಿ, ಡ್ಯಾರೆನ್ ಫೇ ಮುಂತಾದ ಎಳೆಯರನ್ನು ನಂಬಿದರು. ಹಿಂದಿನ ತಂಡದ ಒಕಾನೆಲ್, ಕಾಲ್ಮ್ ಕಾಯ್ಲ್ ಅವರಂಥ ಕೆಲವರು ಮಾತ್ರ ಜೊತೆಗಿದ್ದರು. ಮರುವರ್ಷವೇ ಮೇಯೊ ಕೌಂಟಿಯ ವಿರುದ್ಧ ಅಖಿಲ ಐರ್ಲೆಂಡ್ ಫೈನಲ್. ಮೊದಲ ದಿನ ಕೊನೆಯ ಗಳಿಗೆಯಲ್ಲಿ ಕಾಯ್ಲ್ ದೂರದಿಂದ ಎತ್ತಿ ಹೊಡೆದ ಚೆಂಡು ನೆಲಕ್ಕೆ ಬಿದ್ದು, ಪುಟಿದು, ಅಡ್ಡಪಟ್ಟಿಯನ್ನು ದಾಟಿತು, ಪಂದ್ಯ ಸಮವಾಯಿತು. ಮರುಪಂದ್ಯದಲ್ಲಿ ದೊಡ್ಡ ಹೊಡೆದಾಟವೇ ನಡೆದು ಅದೇ ಕಾಯ್ಲ್ ಮತ್ತು ಮೇಯೊದ ಲಿಯಾಮ್ ಮೆಕ್‌ಹೇಲ್ ಹೊರಹೋಗಬೇಕಾಯಿತು. ಮೀಥ್ ಒಂದು ಅಂಕದಿಂದ ಗೆದ್ದಿತು. 1999ರಲ್ಲಿ ಮತ್ತೆ ಕಾರ್ಕ್ ವಿರುದ್ಧ ಜಯ.

2005ರಲ್ಲಿ ಬಾಯ್ಲನ್ ಹುದ್ದೆ ಬಿಟ್ಟರು. ಎರಡೂ ದೇಶಗಳ ಫುಟ್‌ಬಾಲ್‌ಗಳ ಮಿಶ್ರ ನಿಯಮಗಳಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡುವ ಐರ್ಲೆಂಡ್ ತಂಡ ಬಳಿಕ ಅವರ ಕೈಗೆ ಬಂತು. 2006ರ ಸರಣಿ ಎಷ್ಟು ಹಿಂಸಾತ್ಮಕವಾಯಿತೆಂದರೆ ಮರುವರ್ಷ ಸರಣಿಯೇ ನಡೆಯಲಿಲ್ಲ. 2008ರಲ್ಲಿ ಅದು ಮತ್ತೆ ಆರಂಭವಾದಾಗ ಬಾಯ್ಲನ್ ಅವರ ತಂಡ ಆಸ್ಟ್ರೇಲಿಯಾ ನೆಲದಲ್ಲೇ ಸರಣಿ ಗೆದ್ದು ಬಂತು. ಮೀಥ್ 1999ರ ನಂತರ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಮತ್ತೆ ಗೆದ್ದಿಲ್ಲ.