ಗಾಣಕ್ಕೆ ಕಟ್ಟಿದ ಕೈದಿಗಳು

ನಮಸ್ಕಾರ. ಈಗ ನಿಮ್ಮ ಮುಂದಿರುವುದು ಅಂಡಮಾನಿನ ಸೆಲ್ಯುಲಾರ್ ಜೈಲು. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಈ ಸೆರೆಮನೆಯನ್ನು ಕಟ್ಟಿದವರೂ ಕೈದಿಗಳೇ. ಅಂದಿನ ಏಳು ಸಾಲು ಕಟ್ಟಡಗಳಲ್ಲಿ ಇಂದು ಮೂರು ಮಾತ್ರ ಉಳಿದಿವೆ.

ಕರಿನೀರಿನ ಶಿಕ್ಷೆ ಎಂದೊಡನೆ ಕಡಲಾಚೆಯ ಒಂಟಿತನ ನೆನಪಾಗುತ್ತದೆ. ಆದರೆ ಇಲ್ಲಿಗೆ ಬಂದ ಕ್ರಾಂತಿಕಾರಿಗಳನ್ನು ಒಳಗಿನಿಂದ ಮುರಿದದ್ದು ಮುಖ್ಯವಾಗಿ ದುಡಿಮೆ ಎಂದು ನನಗನ್ನಿಸುತ್ತದೆ. ಅಂಗಳದಲ್ಲಿರುವ ಈ ಗಾಣದ ಮಾದರಿಯನ್ನು ಗಮನವಿಟ್ಟು ನೋಡಿ. ಎತ್ತನ್ನು ಹೂಡುವ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸಿ, ಒಣಕೊಬ್ಬರಿಯಿಂದ ದಿನಕ್ಕೆ 30 ಪೌಂಡ್, ಅಂದರೆ ಸುಮಾರು 13.5 ಕೆಜಿ ಎಣ್ಣೆ ತೆಗೆಯಬೇಕೆಂದು ವಿಧಿಸಲಾಗುತ್ತಿತ್ತು. ಗಾಣದ ಸರದಿ ಇಲ್ಲದವರು ತೆಂಗಿನ ಸಿಪ್ಪೆ ಕುಟ್ಟಿ ನಾರು ಬಿಡಿಸಬೇಕಿತ್ತು. ನಿಗದಿತ ಪ್ರಮಾಣ ತಲುಪದಿದ್ದರೆ ಬೈಗುಳ, ಹೊಡೆತ, ಬೇಡಿ ಕಾದಿರುತ್ತಿದ್ದವು. ಎಣ್ಣೆಯೂ ನಾರೂ ಸರ್ಕಾರಕ್ಕೆ ಬೇಕಾಗಿದ್ದುವು, ನಿಜ. ಆದರೂ ಓದು ಬರಹದಲ್ಲಿ ಬೆಳೆದ ಯುವಕರಿಗೆ ಎಟುಕದ ಲೆಕ್ಕವನ್ನು ಗೊತ್ತುಮಾಡಿ, ಪ್ರತಿ ಸಂಜೆ ಅವರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸುವುದರಲ್ಲೇ ಆ ವ್ಯವಸ್ಥೆಯ ಕ್ರೌರ್ಯವಿತ್ತು. ಅಲಿಪುರ ಬಾಂಬ್ ಪ್ರಕರಣದ ಉಲ್ಲಾಸ್ಕರ್ ದತ್ತ ಕೆಲಸ ನಿರಾಕರಿಸಿದ್ದಕ್ಕೆ ಜೈಲಿನವರು ಅವರನ್ನು ಕೈಕೋಳ ತೊಡಿಸಿ ತೂಗುಹಾಕಿದರು. ಅವರು ಬುದ್ಧಿಸ್ಥಿಮಿತ ಕಳೆದುಕೊಂಡರು. ಇಂದುಭೂಷಣ ರಾಯ್ 1912ರಲ್ಲಿ ತಮ್ಮ ಕೋಣೆಯಲ್ಲೇ ಪ್ರಾಣ ಬಿಟ್ಟರು. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ್ ಸಿಂಗ್ ಸೇರಿದಂತೆ ಮೂವರು ತೀರಿಕೊಂಡರು.

ಇದೆಲ್ಲ ಪರಕೀಯರ ಆಳ್ವಿಕೆಯೊಂದಿಗೆ ಮುಗಿಯಿತೆಂದು ನಾವು ನಿರಾಳವಾಗುವಂತಿಲ್ಲ. ಕಠಿಣ ದುಡಿಮೆಯೊಡನೆ ಸಜೆ ಎಂಬುದು ಹಳೆಯ ದಂಡ ಸಂಹಿತೆಯಿಂದ 2023ರ ಭಾರತೀಯ ನ್ಯಾಯ ಸಂಹಿತೆಗೂ ಹಾಗೆಯೇ ಬಂದಿದೆ. ಬಿಟ್ಟಿ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿ ಇರುವಾಗ ಇದು ಸರಿಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1998ರಲ್ಲಿ ಉತ್ತರಿಸಿತು: ಕಠಿಣ ಸಜೆಯ ಕೈದಿಗಳಿಂದ ಕೆಲಸ ಮಾಡಿಸಬಹುದು, ಆದರೆ ನ್ಯಾಯೋಚಿತ ಕೂಲಿ ಕೊಡಲೇಬೇಕು. 2024ರಲ್ಲಿ ಅದೇ ನ್ಯಾಯಾಲಯ, ಜೈಲಿನೊಳಗೆ ಜಾತಿ ನೋಡಿ ಕಸಗುಡಿಸುವ, ಅಡುಗೆ ಮಾಡುವ ಕೆಲಸ ಹಂಚುವ ನಿಯಮಗಳನ್ನು ರದ್ದುಪಡಿಸಿತು. ಸ್ವಾತಂತ್ರ್ಯ ಬಂದು ಏಳು ದಶಕಗಳು ಕಳೆದ ಮೇಲೂ ಅಂಥ ನಿಯಮಗಳು ಉಳಿದಿದ್ದುವೆಂಬುದು ನನಗೆ ತೀವ್ರ ನೋವು ತರುತ್ತದೆ.

ಕೂಲಿ ನಿಗದಿಗೆ ಪ್ರತಿ ರಾಜ್ಯವೂ ಸಮಿತಿ ರಚಿಸಬೇಕೆಂದು 1998ರ ತೀರ್ಪು ಸೂಚಿಸಿತ್ತು. ಹಾಗೆ ನಿಗದಿಯಾಗುವ ಮೊತ್ತ, ಹೊರಗೆ ಅದೇ ಕೆಲಸ ಮಾಡುವ ಬಡಗಿ, ದರ್ಜಿ, ನೇಕಾರರ ಗಳಿಕೆಗೆ ಸಮೀಪವಾಗಿರಬೇಕು. ಕೈದಿಯ ಮನೆಯಲ್ಲಿ ಮಕ್ಕಳಿರುತ್ತಾರೆ, ಅವರ ಶಾಲೆಯ ಖರ್ಚು ಆ ಕೂಲಿಯಿಂದ ಹೊರಡಬೇಕು.