ದುಡಿದ ಹಾಡಿಗೆ ಕೂಲಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ನನ್ನ ಮಾತು ಹೋಟೆಲಿನವರಿಗೆ, ಲಾಡ್ಜಿನವರಿಗೆ, ಹೋಮ್‌ಸ್ಟೇ ಇಟ್ಟವರಿಗೆ. ಹೊನ್ನಾವರದಲ್ಲಿ ಸಲೂನಿನ ಬಾಗಿಲು ತೆಗೆದು, ಕನ್ನಡಿ ಒರೆಸುವ ಮೊದಲೇ ಸ್ಪೀಕರ್ ಹಚ್ಚಿದ ತಮ್ಮನಿಗೆ. ಕಾರವಾರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ ಅಕ್ಕನಿಗೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಮಗ್ಗುಲಲ್ಲಿ ಎರಡು ಕೋಣೆ ಕಟ್ಟಿ, ಶನಿವಾರ ಬರುವ ಬೆಂಗಳೂರಿನವರಿಗೆ ಬೆಂಕಿ ಹಾಕಿ, ಹಾಡು ಹಾಕಿ ಖುಷಿಪಡಿಸುವ ಭಾವನವರಿಗೆ.

ನಾನು ವಕೀಲ. ಜಮೀನು, ಹಿಸ್ಸೆ, ಬ್ಯಾಂಕಿನ ಸಾಲ, ಎಲ್ಲ ತರದ ಕಾಗದವನ್ನೂ ನೋಡಿದ್ದೇನೆ. ಆದರೆ ಹಾಡಿನ ಹಕ್ಕಿನ ಬಗ್ಗೆ ಮಾತಾಡಲು ಕರೆದರೆ ಮಾತ್ರ ಬೇರೆ ಕೆಲಸ ಬಿಟ್ಟು ಬರುತ್ತೇನೆ. ನಮ್ಮಲ್ಲಿ ಈ ವಿಷಯ ಎತ್ತಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಹಾಡು ಕೇಳಲಿಕ್ಕೂ ದುಡ್ಡಾ?

ಅಲ್ಲ. ಕೇಳಲಿಕ್ಕೆ ಅಲ್ಲ. ಹಾಡು ನಿಮ್ಮ ಮನೆಗೆ ಬಂದರೆ ನೆಂಟ. ನಿಮ್ಮ ಅಂಗಡಿಗೆ ಬಂದರೆ ಆಳು. ನೆಂಟನಿಗೆ ಯಾರೂ ಕೂಲಿ ಕೊಡುವುದಿಲ್ಲ. ಆಳಿಗೆ ಕೊಡಲೇಬೇಕು. ಇದೊಂದು ಮಾತು ನೆನಪಿಟ್ಟರೆ ಸಾಕು, ಉಳಿದದ್ದೆಲ್ಲ ಇದರ ಹಿಂದೆಯೇ ಬರುತ್ತದೆ.

ಗೋಕರ್ಣದ ಕಡೆಯ ಒಬ್ಬ ಹೋಟೆಲ್ ಮಾಲೀಕರ ಕಥೆ ಹೇಳುತ್ತೇನೆ. ಊರಿನ ಹೆಸರು, ಅವರ ಹೆಸರು ಬೇಡ. ಕಡಲ ದಂಡೆಯಲ್ಲೇ ಹೋಟೆಲು. ಹತ್ತು ಹನ್ನೆರಡು ಮೇಜು. ಒಂದು ದಿನ ಬೆಳಿಗ್ಗೆ ನನ್ನ ಆಫೀಸಿಗೆ ಬಂದು ಒಂದು ನೋಟಿಸನ್ನು ಮೇಜಿನ ಮೇಲೆ ಹಾಕಿದರು. ಕೂತುಕೊಳ್ಳಲೂ ಇಲ್ಲ.

"ವಕೀಲ್ರೇ, ಇದೆಂಥ ಮಾರಾಯ್ರೆ? ಹಾಡು ಹಾಕಿದ್ದಕ್ಕೆ ದುಡ್ಡು ಕೊಡ್ಬೇಕಂತೆ. ನಾ ಆ್ಯಪಿಗೆ ತಿಂಗಳಾ ತಿಂಗಳಾ ದುಡ್ಡು ಕಟ್ತೆ. ಮತ್ತೆ ಇವರಿಗೆ ಯಾಕೆ?"

ನಾನು ಅವರನ್ನು ಕೂರಿಸಿ ನೀರು ಕೊಟ್ಟೆ. ಆ್ಯಪಿಗೆ ಕಟ್ಟುವ ದುಡ್ಡು ನೀವೊಬ್ಬರು ಕೇಳುವುದಕ್ಕೆ, ಗಿರಾಕಿಗಳಿಗೆ ಕೇಳಿಸುವುದಕ್ಕೆ ಅಲ್ಲ ಎಂದೆ. ಆ್ಯಪಿನ ಷರತ್ತಿನಲ್ಲೇ ಹಾಗೆ ಬರೆದಿರುತ್ತದೆ, ನಾವು ಓದದೆ ಒಪ್ಪಿಗೆ ಒತ್ತಿರುತ್ತೇವೆ. ಅವರಿಗೆ ಸಮಾಧಾನವಾಗಲಿಲ್ಲ. "ಹಾಡು ಕೇಳಲಿಕ್ಕೆ ಯಾರು ಬರ್ತಾರೆ ನನ್ನ ಹೋಟೆಲಿಗೆ? ಜನ ಬರುವುದು ಮೀನಿಗೆ. ಹಾಡೇ ಬೇಡ, ನಾಳೆಯಿಂದ ಬಂದ್" ಎಂದು ಎದ್ದರು. ಬಂದ್ ಮಾಡಿದರೆ ದುಡ್ಡೂ ಬೇಡ, ಅದೂ ನಿಮ್ಮ ಹಕ್ಕೇ ಎಂದು ಕಳಿಸಿದೆ.

ಹೇಳಿದ ಹಾಗೆ ಬಂದ್ ಮಾಡಿದರು. ನಾಲ್ಕನೇ ದಿನ ನನಗೆ ಫೋನು ಬಂತು. ಏನಾಗಿತ್ತು ಅಂದರೆ, ಹಾಡು ನಿಂತ ಮೇಲೆ ಅಡುಗೆಮನೆ ಕೇಳಿಸಲು ಶುರುವಾಗಿತ್ತು. ಅಡುಗೆಯವನು ಪಾತ್ರೆ ತೊಳೆಯುವ ಹುಡುಗನಿಗೆ ಕೊಂಕಣಿಯಲ್ಲಿ ಬೈಯುವುದು, ಕಡಾಯಿ ಕುಟ್ಟುವುದು, ಬಂಗಡೆ ಖಾಲಿಯಾಯಿತು ಅಂತ ಒಳಗಿನಿಂದ ಕೂಗುವುದು, ಎಲ್ಲ ಹೊರಗೆ ಬರುತ್ತಿತ್ತು. ಎದುರಿಗೇ ಕಡಲು ಇದೆ, ಅಲೆ ಸದ್ದು ಸಾಕಾಗುತ್ತದೆ ಅಂದುಕೊಂಡಿದ್ದರು ಪಾಪ. ಸಾಕಾಗಲಿಲ್ಲ. ಒಂದು ಮೇಜಿನವರ ಮಾತು ಪಕ್ಕದ ಮೇಜಿಗೆ ಕೇಳುತ್ತಿತ್ತು. ಹೊಸದಾಗಿ ಮದುವೆಯಾದ ಜೋಡಿಯೊಂದು ಪಿಸುಗುಡುತ್ತಾ ಕೂತಿದ್ದು, ಕೊನೆಗೆ ಪಾರ್ಸಲ್ ಕಟ್ಟಿಸಿಕೊಂಡು ದಂಡೆಗೆ ಹೋಯಿತಂತೆ. ಊಟ ಮುಗಿದ ಮೇಲೂ ಸಂಜೆಯಿಡೀ ಕೂತು ಇನ್ನೊಂದು ಪ್ಲೇಟು ಶೆಟ್ಲಿ, ಇನ್ನೊಂದು ಸೋಡಾ ಅನ್ನುತ್ತಿದ್ದ ಗಿರಾಕಿಗಳು, ಉಂಡ ಕೂಡಲೇ ಬಿಲ್ ಕೇಳಿ ಏಳತೊಡಗಿದರು.

"ವಕೀಲ್ರೇ, ಹಾಡು ಕೆಲಸ ಮಾಡ್ತಾ ಇತ್ತು ಕಾಣಿ. ನನಗೇ ಗೊತ್ತಿರಲಿಲ್ಲ" ಅಂದರು ಆ ಮನುಷ್ಯ.

ನಾನು ಇಷ್ಟು ವರ್ಷ ಕಾನೂನು ಓದಿ ಹೇಳಬೇಕಾದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ಆಮೇಲೆ ನಾವಿಬ್ಬರೂ ಕೂತು ಅವರ ಲೆಕ್ಕದ ಪುಸ್ತಕ ತೆಗೆದೆವು. ಮೀನಿಗೆ ದುಡ್ಡು. ಐಸಿಗೆ ದುಡ್ಡು. ಗ್ಯಾಸಿಗೆ, ಕರೆಂಟಿಗೆ, ಬಾಳೆಎಲೆಗೆ ದುಡ್ಡು. ಗೋಡೆಗೆ ಬಣ್ಣ ಹಚ್ಚಿದವನಿಗೆ, ಮೇಜಿನ ಮೇಲಿನ ಹೂವಿಗೆ ದುಡ್ಡು. ಹೂವು ತಿನ್ನಲಿಕ್ಕೆ ಬರುತ್ತದಾ? ಇಲ್ಲ. ಆದರೂ ಕೊಡುತ್ತಿದ್ದರು. ಹೋಟೆಲಿನಲ್ಲಿ ಬೆಳಿಗ್ಗೆಯಿಂದ ರಾತ್ರಿ ಹತ್ತರವರೆಗೆ ದುಡಿದು ಕೂಲಿಯಿಲ್ಲದೆ ಹೋಗುತ್ತಿದ್ದದ್ದು ಹಾಡು ಒಂದೇ.

ನೋಟಿಸು ಕಳಿಸಿದ ಸಂಸ್ಥೆಗೆ ದುಡ್ಡು ಕಟ್ಟಿ, ಹಾಡು ಹಾಕಲು ಅವರು ಲೈಸನ್ಸ್ ಮಾಡಿಸಿದರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದೆರಡು ತಿಂಗಳಿಗೆ ಇನ್ನೊಂದು ಸಂಸ್ಥೆಯಿಂದ ಇನ್ನೊಂದು ನೋಟಿಸು ಬಂತು. ಈ ಸಲ ಅವರ ಸಿಟ್ಟು ನನ್ನ ಮೇಲೆ. ಒಂದೇ ಹಾಡಿಗೆ ಎರಡು ಸಲ ಯಾಕೆ ಕೊಡಬೇಕು?

ಆಗ ನಾನು ಅವರಿಗೆ ರಂಪಣಿ ನೆನಪು ಮಾಡಿದೆ. ನಮ್ಮ ಕರಾವಳಿಯವರಿಗೆ ರಂಪಣಿ ಬಲೆ ಗೊತ್ತು. ದೋಣಿಯಲ್ಲಿ ಹೋಗಿ ಬಲೆ ಬಿಡುತ್ತಾರೆ, ದಂಡೆಯಿಂದ ಹತ್ತಾರು ಜನ ಎಳೆಯುತ್ತಾರೆ. ಬಂದ ಮೀನು ಒಂದೇ ರಾಶಿ. ಆದರೆ ದೋಣಿಗೆ ಪಾಲುಂಟು, ಬಲೆಗೆ ಪಾಲುಂಟು, ಎಳೆದವರಿಗೆ ಪಾಲುಂಟು. ಮೀನು ಒಂದೇ ರಾಶಿ ಅಲ್ವಾ, ಬಲೆಯವನಿಗೆ ಯಾಕೆ ಪಾಲು ಎಂದು ಯಾರಾದರೂ ಕೇಳುತ್ತಾರಾ?

ಹಾಡೂ ಹಾಗೆಯೇ. ಒಬ್ಬರು ಮಾತು ಬರೆದಿದ್ದಾರೆ. ಒಬ್ಬರು ರಾಗ ಹಾಕಿದ್ದಾರೆ. ಇದು ಒಂದು ಆಸ್ತಿ. ಅದನ್ನು ಸ್ಟುಡಿಯೋದಲ್ಲಿ ಹಾಡಿಸಿ, ವಾದ್ಯದವರನ್ನು ಕೂರಿಸಿ, ದುಡ್ಡು ಹಾಕಿ ರೆಕಾರ್ಡ್ ಮಾಡಿದ್ದು ಒಂದು ಕಂಪನಿ. ಆ ರೆಕಾರ್ಡು ಇನ್ನೊಂದು ಆಸ್ತಿ. 1957ರ ಕಾಪಿರೈಟ್ ಕಾಯ್ದೆ ಇವೆರಡನ್ನೂ ಬೇರೆ ಬೇರೆ ಎಂದೇ ನೋಡುತ್ತದೆ. ಮಾತು ಮತ್ತು ರಾಗದ ಪರವಾಗಿ ದುಡ್ಡು ಎತ್ತುವುದು ಐಪಿಆರ್‌ಎಸ್, 1969ರಲ್ಲಿ ಹುಟ್ಟಿದ ಸಂಸ್ಥೆ. ರೆಕಾರ್ಡ್ ಕಂಪನಿಗಳ ಪರವಾಗಿ ಪಿಪಿಎಲ್ ಇದೆ, ಅದು 1941ರಿಂದ ಇದೆ. ಕೆಲವು ಕಂಪನಿಗಳ ಪರವಾಗಿ ನೋವೆಕ್ಸ್ ಎಂಬುದು ಬರುತ್ತದೆ. ಹಾಗಾಗಿ ಎರಡು ಕಾಗದ ಬಂದರೆ ಮೋಸ ಅಂದುಕೊಳ್ಳಬೇಡಿ. ದೋಣಿಯದ್ದೊಂದು, ಬಲೆಯದ್ದೊಂದು.

ಈ ದುಡ್ಡೆಲ್ಲ ಕಂಪನಿಗೇ ಹೋಗುತ್ತದೆ, ಬರೆದವನಿಗೆ ಎಲ್ಲಿ ಸಿಗುತ್ತದೆ ಎಂದು ಸುಮ್ನೆ ಹೇಳುವವರಿದ್ದಾರೆ. ಮೊದಲು ಹಾಗೇ ಇತ್ತು, ಒಪ್ಪುತ್ತೇನೆ. ಸಿನಿಮಾಕ್ಕೆ ಹಾಡು ಬರೆದವನು ಒಂದು ಸಲ ಸಹಿ ಹಾಕಿದರೆ ಮುಗಿಯಿತು, ಆಮೇಲೆ ಹಾಡು ಐವತ್ತು ವರ್ಷ ಓಡಿದರೂ ಅವನ ಕೈಗೆ ಕಾಸಿಲ್ಲ. 2012ರಲ್ಲಿ ಕಾಯ್ದೆ ತಿದ್ದಿದರು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ನಿಂತು ಮಾತಾಡಿದರು. ಈಗ ಬರೆದವರು, ರಾಗ ಹಾಕಿದವರು ಗೌರವಧನದಲ್ಲಿ, ಅಂದರೆ ರಾಯಲ್ಟಿಯಲ್ಲಿ, ತಮ್ಮ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುತ್ತೇನೆ ಎಂದು ಸಹಿ ಹಾಕಿದರೂ ಅದು ನಡೆಯುವುದಿಲ್ಲ. ಉಳುವವನೇ ಹೊಲದೊಡೆಯ ಎಂಬ ಕೂಗು ಎದ್ದ ಅಂಕೋಲೆಯ ಮಣ್ಣಿನವರು ನಾವು. ರೈತರ ಪರ ನಿಂತು ಜಿಲ್ಲೆಯಿಂದಲೇ ಗಡೀಪಾರಾದ ದಿನಕರ ದೇಸಾಯಿಯವರು ಕವಿಯೂ ಆಗಿದ್ದರು. ದುಡಿದವನಿಗೆ ಪಾಲು ಎಂಬುದನ್ನು ನಮಗೆ ಬೇರೆಯವರು ಬಂದು ಕಲಿಸಬೇಕಾಗಿಲ್ಲ.

ಹಕ್ಕು ಎಷ್ಟು ವರ್ಷ ಇರುತ್ತದೆ ಎಂಬುದಕ್ಕೆ ಕಾರವಾರದಲ್ಲೇ ಒಳ್ಳೆಯ ಉದಾಹರಣೆ ಇದೆ. ನಮ್ಮ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಬಂದು ಉಳಿದಿದ್ದರು, ಆಗಿನ್ನೂ ಹುಡುಗ ಪ್ರಾಯ. ಅವರು ತೀರಿಕೊಂಡಿದ್ದು 1941ರಲ್ಲಿ. ಆಗಿನ ಲೆಕ್ಕದಲ್ಲಿ ಕವಿ ತೀರಿಕೊಂಡು 50 ವರ್ಷಕ್ಕೆ ಹಕ್ಕು ಮುಗಿಯಬೇಕು, ಅಂದರೆ 1991ರ ಕೊನೆಗೆ. ಅವರೇ ಕಟ್ಟಿದ ವಿಶ್ವಭಾರತಿ ವಿದ್ಯಾಸಂಸ್ಥೆಯ ಕೈಯಲ್ಲಿದ್ದ ಆ ಹಕ್ಕು ಮುಗಿಯುವ ಹೊತ್ತಿಗೆ ಸರಿಯಾಗಿ ಸರ್ಕಾರ ಅವಧಿಯನ್ನು 60 ವರ್ಷಕ್ಕೆ ಏರಿಸಿತು. ಹಾಗಾಗಿ ಟಾಗೋರರ ಪದ್ಯಗಳು ಎಲ್ಲರ ಆಸ್ತಿಯಾದದ್ದು 2001 ಮುಗಿದ ಮೇಲೆ. ಇಡೀ ದೇಶದ ಕವಿಗಳಿಗೆ ಈಗ ಇರುವ 60 ವರ್ಷದ ಲೆಕ್ಕ ಬಂದದ್ದು ಹೀಗೆ. ದಿನಕರ ದೇಸಾಯಿಯವರು ತೀರಿಕೊಂಡಿದ್ದು 1982ರಲ್ಲಿ. ಅವರ ಚುಟುಕಕ್ಕೆ ರಾಗ ಹಾಕಿ ನಿಮ್ಮ ರೆಸಾರ್ಟಿನಲ್ಲಿ ಹಾಡಿಸಬೇಕಾದರೆ 2042ರ ಕೊನೆಯವರೆಗೆ ಒಪ್ಪಿಗೆ ಬೇಕು. ಪುರಂದರದಾಸರ ಪದಕ್ಕೆ ಬೇಡ. ಆದರೆ ಎಚ್ಚರ, ದಾಸರ ಪದ ಹಳೆಯದು, ನೀವು ಹಾಕುವ ರೆಕಾರ್ಡು ಹೊಸದು. ರೆಕಾರ್ಡಿಗೆ ಅದು ಹೊರಬಂದ ಮೇಲೆ 60 ವರ್ಷ ಹಕ್ಕಿರುತ್ತದೆ. ಊರಿನ ಭಜನಾ ಮಂಡಳಿಯವರನ್ನೇ ಕರೆದು ಹಳೆಯ ಧಾಟಿಯಲ್ಲಿ ಹಾಡಿಸಿದರೆ, ಹಾಡಿದವರಿಗೆ ಕೊಡಿ, ಬೇರೆ ಯಾರಿಗೂ ಕೊಡಬೇಕಾಗಿಲ್ಲ. ನಾನು ಹೋಮ್‌ಸ್ಟೇಯವರಿಗೆ ಇದನ್ನೇ ಹೇಳುವುದು. ಪೇಟೆಯಿಂದ ಬಂದವರಿಗೂ ಅದು ಜಾಸ್ತಿ ಇಷ್ಟವಾಗುತ್ತದೆ.

ಹೋಟೆಲಿನ ಕಥೆಗೆ ಹೊತ್ತು ಹೆಚ್ಚು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮದುವೆ. ದಯವಿಟ್ಟು ಮದುವೆ ಮನೆಯವರನ್ನು ಯಾರೂ ಹೆದರಿಸಬೇಡಿ. ಕಾಯ್ದೆಯ 52ನೇ ಕಲಮು ದೇವರ ಕಾರ್ಯಕ್ಕೆ, ಮದುವೆಯ ಮೆರವಣಿಗೆಗೆ, ಮದುವೆಗೆ ಸಂಬಂಧಪಟ್ಟ ಸಂಭ್ರಮಕ್ಕೆ ವಿನಾಯಿತಿ ಕೊಟ್ಟಿದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನೇ ಪ್ರಕಟಣೆ ಹೊರಡಿಸಿ ಹೇಳಿತು. ಮದುವೆಯಲ್ಲಿ ಹಾಡು ನೆಂಟನೇ. ಅದೇ ಕಲ್ಯಾಣಮಂಟಪದಲ್ಲಿ ಟಿಕೆಟ್ ಇಟ್ಟು ಡಿಸೆಂಬರ್ 31ರ ರಾತ್ರಿ ಪಾರ್ಟಿ ಮಾಡಿದರೆ ಹಾಡು ಆಳು. ಕೂಲಿ ಕೊಡಿ.

ನೋಟಿಸು ಬಂದರೆ ಹರಿದು ಹಾಕಬೇಡಿ. ಇದು ಬರೀ ದಂಡದ ಮಾತಲ್ಲ. ಗೊತ್ತಿದ್ದೂ ಹಕ್ಕು ಮುರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು 63ನೇ ಕಲಮು ಹೇಳುತ್ತದೆ. ಹಾಗೆಂದು ಯಾರೋ ಬಂದು ಕೇಳಿದ ಕೂಡಲೇ ನಗದು ಎಣಿಸಿ ಕೊಡಲೂ ಬೇಡಿ. ನಿಮ್ಮ ಸಂಸ್ಥೆ ಯಾವುದು, ಯಾವ ಹಾಡುಗಳ ಪರವಾಗಿ ಕೇಳುತ್ತಿದ್ದೀರಿ, ದರಪಟ್ಟಿ ಎಲ್ಲಿದೆ ಎಂದು ಬರವಣಿಗೆಯಲ್ಲಿ ಕೇಳಿ. ದರಪಟ್ಟಿಯನ್ನು ಪ್ರಕಟಿಸಬೇಕು ಎಂದು ಕಾಪಿರೈಟ್ ಸಂಘಗಳಿಗೆ ಕಾಯ್ದೆಯೇ ಹೇಳಿದೆ. ದುಡ್ಡು ಕೊಟ್ಟರೆ ರಸೀದಿ ತೆಗೆದುಕೊಳ್ಳಿ, ಲೈಸನ್ಸ್ ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಇಡಿ.

ಇನ್ನೊಂದು. ಸುಗ್ಗಿ ಕುಣಿತ ಬಂದಾಗ ಮೊಬೈಲು ಹಿಡಿದು ರೆಕಾರ್ಡ್ ಮಾಡುವವರಿಗೆ. ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಪದಗಳಿಗೆ ಬರೆದವರು ಇಂಥವರೇ ಎಂದಿಲ್ಲ, ಅದು ಎಲ್ಲರದ್ದು. ಆದರೆ ಹಾಡಿದ ದನಿ ಹಾಡಿದವರದ್ದೇ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಅಂಕೋಲೆಯ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರಂಥ ಅಜ್ಜಿಯರ ದನಿಯನ್ನು ಕೇಳದೆ ಹಿಡಿದು, ಅದರ ಮೇಲೆ ಜಾಹೀರಾತು ಹಾಕಿ ದುಡ್ಡು ಮಾಡುವುದು ನನಗೆ ಸಹಿಸಲು ಆಗುವುದಿಲ್ಲ. ಮೊದಲು ಕೇಳಿ. ಬಂದದ್ದರಲ್ಲಿ ಪಾಲು ಕೊಡಿ.

ಕೊನೆಯದಾಗಿ, ಆರ್ಕೆಸ್ಟ್ರಾ, ಭಾವಗೀತೆ ಕಾರ್ಯಕ್ರಮ ಮಾಡಿಸುವವರಿಗೆ ಒಂದು ಕೋರಿಕೆ. ಲೈಸನ್ಸ್ ಮಾಡಿಸಿದ ಮೇಲೆ, ಹಾಡಿದ ಹಾಡುಗಳ ಪಟ್ಟಿಯನ್ನೂ ಸಂಸ್ಥೆಗೆ ಕಳಿಸಿ. ಹಾಡಿನ ಮೊದಲ ಸಾಲು, ಬರೆದವರ ಹೆಸರು, ರಾಗ ಹಾಕಿದವರ ಹೆಸರು. ಒಂದು ಹಾಳೆಯ ಕೆಲಸ. ಪಟ್ಟಿ ಇಲ್ಲದಿದ್ದರೆ ಯಾರ ಹಾಡು ಹಾಡಿದಿರಿ ಎಂದು ಮುಂಬಯಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಮತ್ತೆ ನಮ್ಮ ಜಿಲ್ಲೆಯಲ್ಲಿ ಹಾಡು ಬರೆಯುವ ಮಾಸ್ತರರು, ಅಕ್ಕೋರು ಎಷ್ಟೋ ಜನ ಇದ್ದೀರಿ. ನಿಮ್ಮ ಹಾಡು ಕ್ಯಾಸೆಟ್ಟಿನಲ್ಲೋ ಸಿನಿಮಾದಲ್ಲೋ ಬಂದಿದ್ದರೆ ಐಪಿಆರ್‌ಎಸ್‌ಗೆ ಸದಸ್ಯರಾಗಿ. ಸದಸ್ಯರಾಗದೆ ನಿಮ್ಮ ಪಾಲು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಹಳೆಯ ಕರಾರು ಪತ್ರ ಅಟ್ಟದ ಮೇಲೆ ಇದ್ದರೆ ಇವತ್ತೇ ಇಳಿಸಿ, ಗೆದ್ದಲು ಹಿಡಿಯುವ ಮೊದಲು ಒಂದು ಜೆರಾಕ್ಸ್ ತೆಗೆಸಿ ಇಟ್ಟುಕೊಳ್ಳಿ.

ನಮಸ್ಕಾರ.